ಶರಾವತಿ ಸೀಮೆಯಲ್ಲಿ ನಾಯಕತ್ವ ಕಲಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಸ್ವಸಹಾಯ ಸಂಘಗಳ ಒಕ್ಕೂಟದವರಿಗೆ, ಹಾಲಿನ ಸೊಸೈಟಿಯ ನಿರ್ದೇಶಕರಿಗೆ, ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ ನಾಯಕತ್ವದ ತರಬೇತಿ ಕೊಡುವವರಿಗಾಗಿ. ಸರ್ಕಾರದ ಸಂಪನ್ಮೂಲ ವ್ಯಕ್ತಿಯಾಗಿ ಬಂದವರಿಗೂ ಸಂಘಸಂಸ್ಥೆಯ ಕಡೆಯಿಂದ ಬಂದವರಿಗೂ ಇದು ಅನ್ವಯಿಸುತ್ತದೆ. ಸಿಗಂದೂರಿನ ಸುತ್ತಲ ಕರೂರು, ಬಾರಂಗಿ ಹೋಬಳಿಗಳ ಊರುಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆದಿದ್ದೇನೆ. ಮಲೆನಾಡಿನ ಉಳಿದ ಊರುಗಳ ಸಂಗತಿಯೂ ಹೆಚ್ಚು ಬೇರೆಯಿಲ್ಲ.

ಹೇಳಬೇಕಾದ್ದು ಒಂದೇ. ಕಾಯಿದೆ, ಕಡತ, ಹಕ್ಕು ಎಲ್ಲ ಸದಸ್ಯರಿಗೂ ಸಮ. ಅವು ಕೈಗೆ ಬರುವ ದಾರಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಒಂದೇ ಭಾಷಣ ಮಾಡಿದರೆ ದಾರಿ ತಪ್ಪುತ್ತದೆ. ‘ಇವರಿಗೆ ಇಷ್ಟು ಸಾಕು’ ಎಂದು ಪಾಠವನ್ನೇ ಕತ್ತರಿಸಿದರೆ ಹಕ್ಕು ತಪ್ಪುತ್ತದೆ. ಎರಡೂ ಕೂಡದು.

ಸಮಯ ಎಷ್ಟಿದೆ ಎಂಬುದನ್ನು ಮೊದಲು ಲೆಕ್ಕ ಹಾಕಿ

1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದಾಗಲೇ ಕರ್ನಾಟಕದ ಪಂಚಾಯಿತಿಗಳಲ್ಲಿ ಕಾಲು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಆಮೇಲೆ. 1993ರ ಕಾಯಿದೆಯಲ್ಲಿ ಅದು ಮೂರನೇ ಒಂದಾಯಿತು, 2010ರಲ್ಲಿ ಅರ್ಧವಾಯಿತು. ಮೀಸಲು ಸರದಿಯಂತೆ ತಿರುಗುವುದರಿಂದ ಪ್ರತಿ ಚುನಾವಣೆಯಲ್ಲೂ ಪಂಚಾಯಿತಿ ಕಟ್ಟೆಯನ್ನು ಮೊದಲ ಸಲ ಹತ್ತುವವರು ಬರುತ್ತಾರೆ. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳಿತ್ತು. ಆ 30 ತಿಂಗಳಲ್ಲಿ ಮೊದಲ ಆರು ತಿಂಗಳನ್ನು ಹೊಸ ಅಧ್ಯಕ್ಷೆಯೊಬ್ಬರು ತನಗೆ ಹೊಂದದ ಪಾಠ ಕೇಳುತ್ತ ಕಳೆದರೆ, ಆಕೆಯ ಅಧಿಕಾರದ ಐದನೇ ಒಂದು ಭಾಗವನ್ನು ನಾವೇ ಹಾಳು ಮಾಡಿದ ಹಾಗಾಯಿತು. ಈ ಲೆಕ್ಕ ನಿಮಗೆ ನೆನಪಿರಲಿ.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಡೀ ರಾಜ್ಯಕ್ಕೆ ಪಾಠ ಸಿದ್ಧಪಡಿಸುತ್ತದೆ. ಬೀದರಿಗೂ ಇಲ್ಲಿನ ತುಮರಿಗೂ ಕಾಯಿದೆ ಒಂದೇ ಆದ್ದರಿಂದ ಆ ಕೆಲಸ ಹಾಗೆಯೇ ಆಗಬೇಕು. ತುಮರಿಯಲ್ಲಿ ನಿಮ್ಮ ಎದುರು ಕೂತವರು ಯಾರು ಎಂದು ತಿಳಿಯುವುದು ಮೈಸೂರಿನಿಂದ ಆಗದ ಕೆಲಸ. ನಿಮ್ಮನ್ನು ಕರೆಸಿರುವುದೇ ಅದಕ್ಕೆ. ಆ ಪಾಠದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ನೀವು ಬೇಕಾಗಿಲ್ಲ.

ಪಾಠ ತಯಾರಿಸುವ ಮೊದಲು ಮನೆಗೆ ಹೋಗಿ

ತರಬೇತಿಗೆ ಬರುವವರೆಲ್ಲರ ಜೊತೆ, ಒಬ್ಬೊಬ್ಬರ ಹತ್ತಿರವೂ ಅರ್ಧ ಗಂಟೆ ಕೂತು ಮಾತಾಡಿ. ಅವರ ಮನೆ ಜಗಲಿಯಲ್ಲಿ, ಅಂಗಳದಲ್ಲಿ, ಡೇರಿಯ ಕಟ್ಟೆಯಲ್ಲಿ, ಎಲ್ಲಾದರೂ ಸರಿ. ಪಂಚಾಯಿತಿ ಕಚೇರಿಯಲ್ಲಿ ಮಾತ್ರ ಬೇಡ. ಅಲ್ಲಿ ಹೊಸಬರು ಬಾಯಿ ಬಿಡುವುದಿಲ್ಲ.

ಕೇಳಬೇಕಾದ್ದು ಮೂರು. ಊರಿನವರು ಯಾವ ಕೆಲಸಕ್ಕೆ ಈಗಾಗಲೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ? ಕಳೆದ ಮೂರು ತಿಂಗಳಲ್ಲಿ ನೀವು ಹಿಡಿದ ಯಾವ ಕೆಲಸ ಅರ್ಧಕ್ಕೆ ನಿಂತಿತು, ಎಲ್ಲಿ ನಿಂತಿತು, ಆಗ ಎದುರಿಗೆ ಯಾರಿದ್ದರು? ಅವಧಿ ಮುಗಿಯುವುದರೊಳಗೆ ಆಗಲೇಬೇಕು ಅನ್ನಿಸಿದ ಒಂದು ಕೆಲಸ ಯಾವುದು? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಇಲಾಖೆಯ ಭಾಷೆಗೆ ತಿರುಗಿಸಬೇಡಿ.

‘ನಿಮ್ಮ ನಾಯಕತ್ವ ಗುಣಕ್ಕೆ ಐದರಲ್ಲಿ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ’ ಎಂಬ ಫಾರಂ ಹಂಚಲೇಬೇಡಿ. ಸಭೆಯಲ್ಲಿ ದನಿ ಏರಿಸಿ ಮಾತಾಡಿ ಅಭ್ಯಾಸವಿದ್ದವನು ಯೋಚನೆ ಮಾಡದೆ ಐದು ಬರೆಯುತ್ತಾನೆ. ದೇವಸ್ಥಾನದ ಸಂತರ್ಪಣೆಯಲ್ಲಿ ನೂರಾರು ಜನರ ಅಡುಗೆಗೆ ಆಳು, ಸಾಮಾನು, ಹೊತ್ತು ಎಲ್ಲವನ್ನೂ ಹೊಂದಿಸಿ ನಡೆಸುವ ಹೆಂಗಸು, ‘ನಂಗೆಂತ ಗೊತ್ತು’ ಎಂದು ಎರಡು ಬರೆಯುತ್ತಾಳೆ. ಆ ಫಾರಂ ಹಿಡಿದು ನೀವು ಯಾರಿಗೆ ಏನು ಕಲಿಸಬೇಕೆಂದು ನಿರ್ಧರಿಸಿದರೆ, ಬೇಡದವನಿಗೆ ಬೇಡದ್ದು, ಬೇಕಾದವಳಿಗೆ ಸಾಲದ್ದು ಸಿಗುತ್ತದೆ.

ಈ ಸೀಮೆಯಲ್ಲಿ ಮನೆಮನೆಗೆ ಹೋದವರಿಗೆ ಕಾಣುವ ವೈವಿಧ್ಯ ದೊಡ್ಡದು. ತಾಳಮದ್ದಲೆಯಲ್ಲಿ ಅರ್ಥ ಹೇಳಿ ಪಳಗಿದವರೊಬ್ಬರು ಸದಸ್ಯರಾಗಿ ಬಂದಿರುತ್ತಾರೆ. ಅವರಿಗೆ ಭಾಷಣ ಕಲೆಯ ಪಾಠ ಹೇಳುವುದು ಅವರ ವಿದ್ಯೆಗೂ ನಿಮ್ಮ ಸಮಯಕ್ಕೂ ಅವಮಾನ. ಎದುರಾಳಿಯ ವಾದವನ್ನು ಕತ್ತರಿಸುವುದರಲ್ಲಿ ಅವರು ನಿಮಗಿಂತ ಮುಂದಿದ್ದಾರೆ. ಅವರು ಕಲಿಯಬೇಕಾದ್ದು ಜಮಾ-ಖರ್ಚಿನ ಪಟ್ಟಿ ಓದುವುದು. ಮತ್ತೊಂದು, ಎದುರಿನವರ ಮಾತು ಮುಗಿಯುವವರೆಗೆ ಸುಮ್ಮನಿರುವುದು. ಡೇರಿಯಲ್ಲಿ ಹತ್ತು ವರ್ಷ ಹಾಲಿನ ಲೆಕ್ಕ ಬರೆದವಳಿಗೆ ಪಂಚಾಯಿತಿಯ ಲೆಕ್ಕ ಒಂದು ದಿನದಲ್ಲಿ ತಿಳಿಯುತ್ತದೆ. ‘ಈ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ’ ಎಂಬ ಒಂದು ವಾಕ್ಯವನ್ನು ಎಲ್ಲರೆದುರು ಹೇಳುವುದಕ್ಕೆ ಆಕೆಗೆ ಒಂದು ವರ್ಷ ಬೇಕಾದೀತು. ಅಡಿಕೆ ಸುಲಿಯುವ ಆಳುಗಳ ತಂಡ ಕಟ್ಟಿ, ಯಾರ ಮನೆಗೆ ಯಾವತ್ತು ಎಂದು ಸರದಿ ಹೊಂದಿಸಿ, ಕೂಲಿ ಜಗಳ ಬಗೆಹರಿಸುವವಳು ಈಗಾಗಲೇ ನಾಯಕಿ. ಸುತ್ತೋಲೆಯ ಭಾಷೆಯ ಎದುರು ಮಾತ್ರ ಆಕೆಗೆ ಕೈಕಾಲು ಆಡುವುದಿಲ್ಲ. ಮೂವರನ್ನೂ ಸಾಲಾಗಿ ಕೂರಿಸಿ ‘ಉತ್ತಮ ನಾಯಕನ ಹತ್ತು ಗುಣಗಳು’ ಎಂದು ಬೋರ್ಡಿನ ಮೇಲೆ ಬರೆದರೆ ಮೂವರಿಗೂ ಏನೂ ಸಿಗಲಿಲ್ಲ.

ಕಾಗೋಡಿನ ನೆಲದಲ್ಲಿ ನಿಂತು ಒಂದೇ ಅಚ್ಚಿನ ನಾಯಕನನ್ನು ತೋರಿಸಬೇಡಿ

ಒಬ್ಬ ಮಹಾನ್ ನಾಯಕನ ಚಿತ್ರ ಹಾಕಿ ‘ಇವರಂತೆ ಆಗಿ’ ಎನ್ನುವುದು ತರಬೇತಿಗಳ ಹಳೆಯ ಚಾಳಿ. ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ, ಈ ಮೂರು ತಾಲೂಕಿನದ್ದೇ ಇದೆ. ಅದನ್ನು ಪೂರ್ತಿ ಹೇಳಿ.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ದೊಡ್ಡದಿತ್ತು. ಸರ್ಕಾರ ಒಪ್ಪಿದ ಅಳತೆಯಲ್ಲೇ ಅಳೆಯಬೇಕು ಎಂದು ಗೇಣಿದಾರರು ಹಟ ಹಿಡಿದರು. ಅವರಲ್ಲಿ ಬಹುಪಾಲು ದೀವರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ತಂಡತಂಡವಾಗಿ ಜನ ಜೈಲಿಗೆ ಹೋದರು. ಜೂನ್‌ನಲ್ಲಿ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

ಇಲ್ಲಿ ನಾಯಕರು ಯಾರು? ಊರೂರು ತಿರುಗಿ ಗೇಣಿದಾರರನ್ನು ರೈತ ಸಂಘಕ್ಕೆ ಸೇರಿಸಿದ ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷದ ಕಡೆಯಿಂದ ಹೋರಾಟಕ್ಕೆ ದನಿಯಾದ, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು. 1952ರ ಚುನಾವಣೆಯಲ್ಲಿ ಅವರು ವಿಧಾನಸಭೆಗೆ ಹೋದರು, ಸದನದಲ್ಲಿ ಅವರ ಮಾತಿಗೆ ಇದ್ದ ಕಾವು ಈಗಲೂ ಹಿರಿಯರ ಬಾಯಲ್ಲಿದೆ. ಅದೇ ತೀರ್ಥಹಳ್ಳಿ ತಾಲೂಕಿನಿಂದ ಬಂದ, ಎದುರು ಪಕ್ಷದಲ್ಲಿದ್ದ, ವಕೀಲರಾಗಿದ್ದ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿ ಗೇಣಿ ಮತ್ತು ಭೂಸುಧಾರಣೆಯ ಕಾನೂನುಗಳಿಗೆ ದುಡಿದರು. 1956ರಲ್ಲಿ ಕೆಲವೇ ವಾರ ಮುಖ್ಯಮಂತ್ರಿಯೂ ಆಗಿದ್ದರು. ಒಬ್ಬರು ಜನರನ್ನು ಸೇರಿಸಿದರು, ಒಬ್ಬರು ಜನರ ಪರವಾಗಿ ಮಾತಾಡಿದರು, ಒಬ್ಬರು ಕಾನೂನಿನ ಕಲಮು ಬರೆಸಿದರು. ಗಣಪತಿಯಪ್ಪನವರನ್ನು ಗೋಪಾಲಗೌಡರ ಹಾಗೆ ಮಾತಾಡುವಂತೆ ತಿದ್ದಲು ಯಾರಾದರೂ ಹೊರಟಿದ್ದರೆ ಸಂಘವೇ ಹುಟ್ಟುತ್ತಿರಲಿಲ್ಲ. ಇನ್ನು ಹೆಸರು ಎಲ್ಲೂ ಉಳಿಯದೆ ಮನೆಯ ಗಂಡಸರು ಜೈಲಿನಲ್ಲಿದ್ದಾಗ ಗದ್ದೆ, ದನ, ಮಕ್ಕಳನ್ನು ಕಾದ ಹೆಂಗಸರು. ಅವರಿಲ್ಲದಿದ್ದರೆ ಎರಡನೇ ತಂಡ ಜೈಲಿಗೆ ಹೊರಡುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಈ ಕತೆ ಹೇಳಿ ಮುಗಿಸಿದ ಮೇಲೆ ‘ನೀವು ಇವರಲ್ಲಿ ಯಾರು’ ಎಂದು ಕೇಳಬೇಡಿ. ‘ನಿಮ್ಮ ಪಂಚಾಯಿತಿಯಲ್ಲಿ ಸೇರಿಸುವವರು ಯಾರು, ಮಾತಾಡುವವರು ಯಾರು, ಬರೆಯುವವರು ಯಾರು, ಯಾವ ಜಾಗ ಖಾಲಿ ಇದೆ’ ಎಂದು ಕೇಳಿ. ಆ ಖಾಲಿ ಜಾಗ ನಿಮ್ಮ ಪಾಠ.

ಹಣೆಪಟ್ಟಿ ಹಚ್ಚಬೇಡಿ

ಒಬ್ಬೊಬ್ಬರಿಗೆ ತಕ್ಕಂತೆ ಕಲಿಸುವುದು ಎಂದ ಕೂಡಲೇ ಕೆಲವರು ಪ್ರಶ್ನಾವಳಿ ತೆಗೆಯುತ್ತಾರೆ. ಹತ್ತಿಪ್ಪತ್ತು ಪ್ರಶ್ನೆ ಕೇಳಿ, ‘ನೀವು ನೋಡಿ ಕಲಿಯುವವರು, ನೀವು ಕೇಳಿ ಕಲಿಯುವವರು, ನೀವು ಮಾಡಿ ಕಲಿಯುವವರು’ ಎಂದು ಮೂರು ಗುಂಪು ಮಾಡುತ್ತಾರೆ. ಇದನ್ನು ಇಂದೇ ಬಿಡಿ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಜೊತೆಯ ಮೂವರು ಮನೋವಿಜ್ಞಾನಿಗಳು ಈ ಕುರಿತ ಸಂಶೋಧನೆಯನ್ನೆಲ್ಲ ಪರಿಶೀಲಿಸಿ, ಕಲಿಕೆಯ ಶೈಲಿಗೆ ಪಾಠವನ್ನು ಹೊಂದಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಬರೆದರು. ಪಂಪ್‌ಹೌಸಿನ ಕರೆಂಟ್ ಬಿಲ್ ಓದುವುದನ್ನು ಎಲ್ಲರೂ ಕಣ್ಣಿನಿಂದಲೇ ಕಲಿಯಬೇಕು, ಗ್ರಾಮಸಭೆಯಲ್ಲಿ ಜಗಳ ತಣಿಸುವುದನ್ನು ಎಲ್ಲರೂ ಬಾಯಿಂದಲೇ ಕಲಿಯಬೇಕು.

ಹಾಗಾದರೆ ಯಾವ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ? ಮೊದಲೇ ಎಷ್ಟು ಗೊತ್ತಿದೆ ಎಂಬುದು. ಆ ಕೆಲಸವನ್ನು ಹಿಂದೆ ಎಷ್ಟು ಸಲ ಮಾಡಿದ್ದಾರೆ ಎಂಬುದು. ಯಾರ ಎದುರು ದನಿ ಕುಸಿಯುತ್ತದೆ ಎಂಬುದು. ಮನೆಯಿಂದ ಹೊರಡಲು ಯಾರ ಒಪ್ಪಿಗೆ ಬೇಕು, ಸಂಜೆ ಎಷ್ಟು ಹೊತ್ತಿಗೆ ವಾಪಸ್ ಆಗಬೇಕು ಎಂಬುದು. ಓದುಬರಹ ಎಷ್ಟು ಎಂಬುದು. ಇವನ್ನು ತಿಳಿದು ಪಾಠ ಹೊಂದಿಸಿ.

ಜಾತಿ ನೋಡಿ ಪಾಠ ಹೊಂದಿಸಬೇಡಿ. ‘ಹವ್ಯಕರು ಓದಿದವರು, ಅವರಿಗೆ ಕಾನೂನು ಹೇಳೋಣ, ಹಸಲರ ಹೆಂಗಸಿಗೆ ಶೌಚಾಲಯ, ಸ್ವಚ್ಛತೆ ಸಾಕು’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗುಂಪು ಮಾಡುವಾಗ ಕೈ ತಾನಾಗಿ ಹಾಗೆ ಹೋಗುತ್ತದೆ. ಗುಂಪಿನ ಪಟ್ಟಿ ಬರೆದ ಮೇಲೆ ಅದನ್ನು ಜಾತಿಯ ಕಣ್ಣಿಂದ, ಗಂಡು-ಹೆಣ್ಣಿನ ಕಣ್ಣಿಂದ ಒಂದು ಸಲ ನೋಡಿ. ಕಾನೂನಿನ ಗುಂಪಿನಲ್ಲಿ ಒಂದೇ ಜಾತಿಯವರು ತುಂಬಿದ್ದರೆ ಪಟ್ಟಿ ಹರಿದು ಮತ್ತೆ ಬರೆಯಿರಿ.

ಮಾತಾಡಿಸುವ ರೀತಿ

ಎಲ್ಲರಿಗೂ ಬಹುವಚನ. ಒಬ್ಬರನ್ನು ‘ಭಟ್ರೇ’, ಒಬ್ಬರನ್ನು ‘ಗೌಡ್ರೇ’, ಒಬ್ಬರನ್ನು ‘ನಾಯ್ಕರೇ’ ಎಂದು ಕರೆದು, ಕೊನೆಯ ಸಾಲಿನಲ್ಲಿ ಕೂತ ಪರಿಶಿಷ್ಟ ಜಾತಿಯ ಸದಸ್ಯೆಯನ್ನು ಬರಿ ಹೆಸರು ಹಿಡಿದು ‘ನೀನು ಹೇಳಮ್ಮ’ ಅಂದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ಸಮಾನತೆಯ ಸ್ಲೈಡ್ ತೋರಿಸಿ ಪ್ರಯೋಜನವಿಲ್ಲ. ‘ಅಧ್ಯಕ್ಷರೇ’, ‘ಸದಸ್ಯರೇ’ ಎನ್ನಿ. ವಯಸ್ಸಾದವರನ್ನು ಊರಿನ ರೂಢಿಯಂತೆ ಅಮ್ಮ, ಅಕ್ಕ, ಅಣ್ಣ ಎನ್ನುವುದಾದರೆ ಎಲ್ಲ ಜಾತಿಯವರಿಗೂ ಎನ್ನಿ.

ಮನೆಮಾತನ್ನು ತಿದ್ದಬೇಡಿ. ಹವ್ಯಕ ಕನ್ನಡ, ದೀವರ ಕನ್ನಡ, ಕೊಂಕಣಿ ಬೆರೆತ ಕನ್ನಡ, ಉರ್ದು ಬೆರೆತ ಕನ್ನಡ, ಯಾವುದರಲ್ಲಿ ಮಾತಾಡಿದರೂ ಠರಾವು ಠರಾವೇ. ಬರೆಯುವಾಗ ಕಚೇರಿಯ ಕನ್ನಡ ಬೇಕಾದರೆ ಅದನ್ನು ಬೇರೆಯಾಗಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದ ನಡಾವಳಿಯನ್ನು ಇಟ್ಟುಕೊಂಡು ಕಲಿಸಿ.

ಗಂಡ, ಮಗ, ಮೈದುನ

ತರಬೇತಿಗೆ ಸದಸ್ಯೆಯ ಬದಲು ಗಂಡ ಬಂದರೆ ಹಾಜರಾತಿ ಹಾಕಬೇಡಿ. ಊಟ ಹಾಕಿ, ಗೌರವದಿಂದ ಮಾತಾಡಿಸಿ. ಕುರ್ಚಿ ಮಾತ್ರ ಆಕೆಯದು. ಇದರಲ್ಲಿ ಒಬ್ಬರಿಗೊಂದು ನಿಯಮ ಇಲ್ಲ.

ಒಬ್ಬೊಬ್ಬರಿಗೆ ತಕ್ಕಂತೆ ನಡೆಯಬೇಕಾದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಕೆಲವರ ಮನೆಯಲ್ಲಿ ಗಂಡ ಅಧಿಕಾರ ಕಸಿದುಕೊಂಡಿರುತ್ತಾನೆ. ಕೆಲವರಲ್ಲಿ ಆಕೆಯೇ, ಓದು ಕಡಿಮೆ ಎಂಬ ಅಳುಕಿನಿಂದ, ಬಿಟ್ಟುಕೊಟ್ಟಿರುತ್ತಾಳೆ. ಇನ್ನು ಕೆಲವರಲ್ಲಿ ಗಂಡ ಬೈಕಿನಲ್ಲಿ ಕರೆತರುವವನು ಮಾತ್ರ, ಊರಿನವರು ಸುಮ್ಮನೆ ಹೆಸರಿಡುತ್ತಾರೆ. ಮೂರೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮೊದಲನೆಯ ಕಡೆ ಪಿಡಿಒ ಮತ್ತು ಉಳಿದ ಸದಸ್ಯರ ಜೊತೆ ನೇರವಾಗಿ ಮಾತಾಡಿ, ಸದಸ್ಯೆಯ ಬದಲು ಬೇರೆಯವರು ಸಭೆಯಲ್ಲಿ ಭಾಗವಹಿಸುವಂತಿಲ್ಲ ಎಂಬುದನ್ನು ನೆನಪಿಸಬೇಕು. ಎರಡನೆಯ ಕಡೆ ಆಕೆಯ ಕೈಯಲ್ಲಿ ಸಣ್ಣ ಸಣ್ಣ ಕೆಲಸ ಮುಗಿಯುವಂತೆ ಮಾಡಬೇಕು. ಮೂರನೆಯ ಕಡೆ ನೀವು ಸುಮ್ಮನಿರಬೇಕು. ಯಾವುದು ಯಾವುದೆಂದು ತಿಳಿಯದೆ ಎಲ್ಲರೆದುರು ‘ಪತಿರಾಯರ ಆಡಳಿತ’ ಎಂದು ನಗುವವರನ್ನು ನಾನು ಕ್ಷಮಿಸಲಾರೆ. ಅವಮಾನವಾಗುವುದು ಆಕೆಗೆ, ಗಂಡನಿಗಲ್ಲ.

ಒಂದನ್ನು ಮಾತ್ರ ಯಾರಲ್ಲೂ ಬಿಡಬೇಡಿ: ಡಿಜಿಟಲ್ ಸಹಿಯ ಡಾಂಗಲ್. ಅಧ್ಯಕ್ಷೆಯ ಡಾಂಗಲ್ ಯಾರ ಬಳಿ ಇದೆ, ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ಮೊದಲ ದಿನವೇ ಕೇಳಿ. ಅದು ಕಚೇರಿಯ ಡ್ರಾಯರಿನಲ್ಲಿದ್ದರೆ, ಆಕೆ ಎಷ್ಟು ಚೆನ್ನಾಗಿ ಭಾಷಣ ಮಾಡಿದರೂ ಹಣ ಬೇರೆಯವರ ಕೈಯಲ್ಲಿ ಹರಿಯುತ್ತಿದೆ ಎಂದರ್ಥ.

ಯಾವಾಗ, ಎಲ್ಲಿ

ನವೆಂಬರಿನಿಂದ ಅಡಿಕೆ ಕೊಯ್ಲು. ಸಂಜೆಯಿಂದ ಸರಿರಾತ್ರಿವರೆಗೆ ಸುಲಿಯುವವರು ಬೆಳಿಗ್ಗೆ ನಿಮ್ಮ ಎದುರು ತೂಕಡಿಸಿದರೆ ಅದು ಆಸಕ್ತಿಯ ಕೊರತೆಯಲ್ಲ. ಜುಲೈ, ಆಗಸ್ಟ್ ನೆಟ್ಟಿ ಕಾಲ, ಔಷಧಿ ಹೊಡೆಯುವ ಕಾಲ. ಸಂಕ್ರಾಂತಿಗೆ ಸಿಗಂದೂರಿನ ಜಾತ್ರೆ. ಈ ದಿನಗಳಲ್ಲಿ ಇಡೀ ದಿನದ ತರಬೇತಿ ಬೇಡ.

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ತುಂಬಿದ 1960ರ ದಶಕದಿಂದ ಲಾಂಚಿನ ಗಂಟೆಗೆ ಕಟ್ಟಿಹಾಕಿಕೊಂಡಿದ್ದ ಜನರಿಗೆ ಇದು ದೊಡ್ಡ ಬಿಡುಗಡೆ. ಅಷ್ಟಕ್ಕೇ ‘ಇನ್ನು ಎಲ್ಲರೂ ಸಾಗರಕ್ಕೇ ಬರಲಿ’ ಎಂದು ತೀರ್ಮಾನಿಸಬೇಡಿ. ಸೇತುವೆಯಿಂದ ಹತ್ತಾರು ಕಿಲೋಮೀಟರ್ ಒಳಗೆ, ಬಸ್ಸಿನ ರಸ್ತೆಯಿಂದ ಮತ್ತೆ ನಡೆಯಬೇಕಾದ ಒಂಟಿ ಮನೆಗಳು ಹಾಗೆಯೇ ಇವೆ. ಬೈಕ್ ಇರುವವನಿಗೆ ಸೇತುವೆ ಒಂದು ತರ, ಬೈಕ್ ಇಲ್ಲದವಳಿಗೆ ಇನ್ನೊಂದು ತರ. ತರಬೇತಿಯ ಅರ್ಧ ದಿನವಾದರೂ ತುಮರಿಯಲ್ಲಿ, ಬ್ಯಾಕೋಡಿನಲ್ಲಿ ನಡೆಸಿ. ಹೊಸನಗರದವರಿಗೆ ನಗರ, ನಿಟ್ಟೂರು. ತೀರ್ಥಹಳ್ಳಿಯವರಿಗೆ ಆಗುಂಬೆ, ಕೋಣಂದೂರು. ಕೈಗೂಸು ಇರುವವರಿಗೆ ಮಗುವನ್ನು ನೋಡಿಕೊಳ್ಳುವವರ ಖರ್ಚನ್ನು ಬಜೆಟ್ಟಿನಲ್ಲೇ ಸೇರಿಸಿ.

ನಿಜವಾದ ಕೆಲಸದ ಮೇಲೆ ಕಲಿಸಿ

ಮುಚ್ಚಿದ ಹಾಲ್‌ನಲ್ಲಿ ಕಾಗದದ ಗೋಪುರ ಕಟ್ಟಿಸುವುದು, ಬಲೂನ್ ಊದಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದು, ಇವು ಬೇಡ. ಕಾಡಿನ ದಾರಿಯಲ್ಲಿ ಕತ್ತಲಲ್ಲಿ ನಡೆದು ಮನೆ ಸೇರುವವರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಧೈರ್ಯ ಕಲಿಸುವ ಅಗತ್ಯವಿಲ್ಲ.

ಅವರ ಪಂಚಾಯಿತಿಯದೇ ಕಡತ ತನ್ನಿ. ಕಳೆದ ಸಾಮಾನ್ಯ ಸಭೆಯ ನಡಾವಳಿ, ಕ್ರಿಯಾಯೋಜನೆ, ವಸತಿ ಫಲಾನುಭವಿಗಳ ಪಟ್ಟಿ, ಕುಡಿಯುವ ನೀರಿನ ಖರ್ಚು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ಮೂರು ಅಂಕಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದನ್ನು ಮೊದಲು ರೂಢಿ ಮಾಡಿಸಿ: ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಸುತ್ತೋಲೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಿ, ಅಡುಗೆ ಮಾಡುತ್ತ ಕೇಳುತ್ತಾರೆ. ಓದು ಬಾರದು ಎಂಬ ಕಾರಣಕ್ಕೆ ಒಂದೇ ಒಂದು ವಿಷಯವನ್ನೂ ಕಡಿಮೆ ಮಾಡಬೇಡಿ. ಕೊಳಗ ಎಲ್ಲರಿಗೂ ಒಂದೇ ಇರಬೇಕು ಎಂದು ಜೈಲಿಗೆ ಹೋದವರ ಮೊಮ್ಮಕ್ಕಳು ಇವರು. ಪಾಠದಲ್ಲಿ ನಾವು ಅಳತೆ ಕಡಿಮೆ ಮಾಡುವ ಹಾಗಿಲ್ಲ.

ಕಷ್ಟಕಾಲದ ತಯಾರಿಗೆ ಮಂಗನ ಕಾಯಿಲೆಯ ಉದಾಹರಣೆ ಇಟ್ಟುಕೊಳ್ಳಿ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. ಉಣುಗಿನಿಂದ ಹರಡುತ್ತದೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನೇ ತೆಗೆಯಿತು. ಅಂಥ ಹೊತ್ತಿನಲ್ಲಿ ಪಂಚಾಯಿತಿಯಲ್ಲಿ ಯಾರು ಏನು ಮಾಡಬೇಕು? ಸತ್ತ ಮಂಗ ಕಂಡ ಸುದ್ದಿ ಬಂದ ತಕ್ಷಣ ಆರೋಗ್ಯ ಇಲಾಖೆಗೆ ಮುಟ್ಟಿಸಬೇಕು. ಕಾಡಿಗೆ ಸೊಪ್ಪು, ದರಗು ತರಲು ಹೋಗುವವರಿಗೆ ಮೈಗೆ ಎಣ್ಣೆ ಹಚ್ಚಿಕೊಳ್ಳುವಂತೆ ಮನೆಮನೆಗೆ ಹೋಗಿ ಒಪ್ಪಿಸಬೇಕು. ಹೆದರಿದ ಊರನ್ನು ಸಮಾಧಾನ ಮಾಡಬೇಕು. ತಾಲೂಕು ಕಚೇರಿಯ ಬಾಗಿಲಲ್ಲಿ ನಿಂತು ಆಂಬುಲೆನ್ಸ್ ಕೇಳಬೇಕು, ಸಿಗುವವರೆಗೆ ಕದಲಬಾರದು. ಸತ್ತವರ ಮನೆಗೆ ಹೋಗಿ ಸುಮ್ಮನೆ ಕೂರಬೇಕು. ಇವಿಷ್ಟೂ ನಾಯಕತ್ವ. ಇವಿಷ್ಟೂ ಒಬ್ಬರಿಂದ ಆಗುವುದಲ್ಲ.

ಈ ಕೆಲಸಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಯಾವುದು ತಮ್ಮಿಂದ ಈಗಲೇ ಆಗುತ್ತದೆ, ಯಾವುದಕ್ಕೆ ಭಯ ಎಂದು ಒಬ್ಬೊಬ್ಬರಿಂದ ಹೇಳಿಸಿ. ಆಗುವುದನ್ನು ಅವರ ಜವಾಬ್ದಾರಿಗೆ ಕೊಡಿ. ಭಯ ಎಂದ ಕೆಲಸವನ್ನು ತರಬೇತಿಯಲ್ಲಿ ಅಭ್ಯಾಸ ಮಾಡಿಸಿ, ಆದರೆ ಎಲ್ಲರ ಎದುರೇ ಮಾಡಿಸಬೇಕೆಂದಿಲ್ಲ. ಸಂಕೋಚದವರು ಮೊದಲು ಇಬ್ಬರೆದುರು, ಆಮೇಲೆ ಐವರೆದುರು, ಆಮೇಲೆ ವಾರ್ಡ್ ಸಭೆಯಲ್ಲಿ ಮಾತಾಡಲಿ. ನುಗ್ಗುವ ಸ್ವಭಾವದವರಿಗೆ ಒಂದು ಇಡೀ ಸಭೆಯಲ್ಲಿ ಬರೆದುಕೊಳ್ಳುವ ಕೆಲಸ ಮಾತ್ರ ಕೊಡಿ. ಇದು ಅವರಿಗೆ ಭಾಷಣಕ್ಕಿಂತ ಕಷ್ಟ, ಅದಕ್ಕೇ ಬೇಕು.

ಸಮಿತಿ ಹಂಚುವಾಗ

ಹೆಂಗಸರಿಗೆ ಅಂಗನವಾಡಿ, ಪರಿಶಿಷ್ಟರಿಗೆ ಸಾಮಾಜಿಕ ನ್ಯಾಯ ಸಮಿತಿ, ಗಂಡಸರಿಗೆ ರಸ್ತೆ ಮತ್ತು ಹಣಕಾಸು: ಈ ಹಂಚಿಕೆ ಎಲ್ಲೆಲ್ಲೂ ಇದೆ. ನೀವು ಸಲಹೆ ಕೊಡುವ ಜಾಗದಲ್ಲಿದ್ದರೆ ಇದನ್ನು ಒಪ್ಪಬೇಡಿ. ಯಾರು ಏನು ಬಲ್ಲರು ಎಂಬುದನ್ನು ನೋಡಿ ಕೊಡಿಸಿ.

ನೀರಿನ ವಿಷಯ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ಯಾವ ಬಾವಿ ಬತ್ತುತ್ತದೆ, ಅಬ್ಬಿಯ ನೀರು ಯಾವ ಮನೆಯ ತನಕ ಬರುತ್ತದೆ, ಪೈಪು ಎಲ್ಲಿ ಒಡೆಯುತ್ತದೆ ಎಂಬುದನ್ನು ಹೊತ್ತು ತರುವವಳು ಬಲ್ಲಳು. ರಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ್ದು ಇದನ್ನೇ ತೋರಿಸಿತು: ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ತಿಳಿದದ್ದನ್ನು ತೀರ್ಮಾನ ಮಾಡಲು ಅವರಿಗೆ ಕುರ್ಚಿ ಸಿಕ್ಕಿತ್ತು. ಹಾಗೆಂದು ಎಲ್ಲ ಹೆಂಗಸರನ್ನೂ ನೀರಿಗೇ ಕಟ್ಟಿಹಾಕಿದರೆ ಮತ್ತೆ ಹಣೆಪಟ್ಟಿಯೇ ಆಯಿತು. ಹಣಕಾಸು ಕೇಳಿದವಳಿಗೆ ಹಣಕಾಸು.

ಜೊತೆಗಾರರು

ಹೊಸ ಸದಸ್ಯರಿಗೆ ಹಿಂದಿನ ಅವಧಿಯಲ್ಲಿ ಚೆನ್ನಾಗಿ ಕೆಲಸ ಮಾಡಿದವರೊಬ್ಬರನ್ನು ಜೊತೆ ಮಾಡಿ. ಬೇರೆ ಪಂಚಾಯಿತಿಯವರಾಗಿರಲಿ. ಅದೇ ವಾರ್ಡಿನ ಸೋತ ಅಭ್ಯರ್ಥಿಯನ್ನೋ ಅವರ ಬಳಗದವರನ್ನೋ ಜೊತೆ ಹಾಕಬೇಡಿ. ಜೊತೆಗಾರರು ಮೂರನೇ ದಿನ ಬೇಡವೆನಿಸಿದರೆ ಕಾರಣ ಕೇಳದೆ ಬದಲಿಸಿ. ಒಳ್ಳೆಯ ಸ್ವಭಾವದವರೂ ಕೆಲವರ ಪಾಲಿಗೆ ಭಾರವಾಗುತ್ತಾರೆ.

ಬೇರೆಬೇರೆ ಕೆಲಸದವರು ಜೊತೆಯಾಗಿ ದುಡಿಯುವುದನ್ನು ತೋರಿಸಲು ಹೆಗ್ಗೋಡಿನ ನೀನಾಸಮ್ ಹತ್ತಿರದಲ್ಲಿದೆ. 1980ರಿಂದ ಅಲ್ಲಿ ರಂಗಶಿಕ್ಷಣ ನಡೆಯುತ್ತಿದೆ. ನಟನೆಯ ಜೊತೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲವನ್ನೂ ಅಲ್ಲಿ ಕಲಿಯುತ್ತಾರೆ, ಕೆಲವರು ಮುಂದೆ ಅದರಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು ದಿನ ಅಲ್ಲಿಗೆ ಕರೆದೊಯ್ದು ನಾಟಕದ ತಾಲೀಮು ತೋರಿಸಿ. ದೀಪ ಹಿಡಿದವನ ಕೆಲಸ ಕೆಟ್ಟರೆ ರಾಜನ ಪಾತ್ರಧಾರಿ ಕತ್ತಲಲ್ಲಿ ನಿಲ್ಲುತ್ತಾನೆ ಎಂಬುದನ್ನು ಅವರೇ ನೋಡಲಿ, ನೀವು ವಿವರಿಸಬೇಡಿ.

ತರಬೇತಿ ಮುಗಿದ ಮೇಲೆ

ಗುಂಪು ಫೋಟೊ, ಹಾಜರಾತಿ ಸಂಖ್ಯೆ, ‘ಉತ್ತಮ ಪ್ರತಿಕ್ರಿಯೆ ದೊರೆಯಿತು’ ಎಂಬ ವಾಕ್ಯ: ವರದಿಯಲ್ಲಿ ಇಷ್ಟೇ ಇದ್ದರೆ ಆ ವರದಿ ಕಳಿಸಬೇಡಿ. ಒಬ್ಬೊಬ್ಬರಿಗೆ ಒಂದು ಹಾಳೆ ಇರಲಿ. ಮೊದಲ ಭೇಟಿಯಲ್ಲಿ ಅವರು ಹೇಳಿದ ನಿಂತುಹೋದ ಕೆಲಸ ಅದರ ಮೇಲಿರಲಿ. ಮೂರು ತಿಂಗಳಿಗೆ ಒಮ್ಮೆ ಹೋಗಿ ಅದೇ ಕೆಲಸ ಈಗ ಎಲ್ಲಿದೆ ಎಂದು ಕೇಳಿ ಬರೆಯಿರಿ. ಮುಂದಕ್ಕೆ ಹೋಗಿಲ್ಲವಾದರೆ ಸದಸ್ಯೆಯ ಗುಣದಲ್ಲಿ ದೋಷ ಹುಡುಕುವ ಮೊದಲು ನೀವು ಕೊಟ್ಟ ಪಾಠ ಅದಕ್ಕೆ ಹೊಂದಿತ್ತೇ ಎಂದು ನೋಡಿ. ಎಷ್ಟೋ ಸಲ ಅಡ್ಡಿ ಇರುವುದು ಆಕೆಯಲ್ಲಲ್ಲ; ಅಜೆಂಡಾವನ್ನು ಸಭೆಯ ಹಿಂದಿನ ರಾತ್ರಿ ಕೊಡುವ ಕಚೇರಿಯಲ್ಲಿ. ಅಂಥ ಕಡೆ ಆಕೆಗೆ ಇನ್ನೊಂದು ಆತ್ಮವಿಶ್ವಾಸದ ಶಿಬಿರ ಮಾಡಬೇಡಿ, ಅಜೆಂಡಾ ಹೊತ್ತಿಗೆ ಸರಿಯಾಗಿ ಸಿಗುವಂತೆ ಲಿಖಿತವಾಗಿ ಕೇಳಲು ಜೊತೆ ನಿಲ್ಲಿ.

ಆ ಹಾಳೆ ಸದಸ್ಯರದು. ಮೇಲಧಿಕಾರಿ ಕೇಳಿದರೂ, ಪಕ್ಷದವರು ಕೇಳಿದರೂ ತೋರಿಸಬೇಡಿ. ಯಾರ ಎದುರು ತನಗೆ ಭಯ ಎಂದು ಒಬ್ಬಾಕೆ ನಂಬಿ ಹೇಳಿದ್ದು ಊರಿನ ಹೋಟೆಲ್ಲಿನ ಮಾತಾದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಭೇಟಿಗೆ ಹೋದಾಗ ಹಳೆಯ ಪಾಠವನ್ನೇ ಮತ್ತೊಮ್ಮೆ ಹೇಳಬೇಡಿ. ಅವರು ಕೇಳಿದ ಪ್ರಶ್ನೆಗೆ ಒಂದು ವಾರದೊಳಗೆ ಉತ್ತರ ಮುಟ್ಟಿಸಿ. ನಿಮಗೆ ಗೊತ್ತಿಲ್ಲದಿದ್ದರೆ ತಾಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ಸುತ್ತೋಲೆಯ ಪ್ರತಿ ಸಮೇತ ಕಳಿಸಿ. ಓದಲು ಬಾರದವರಾದರೆ ಫೋನ್ ಮಾಡಿ ಓದಿ ಹೇಳಿ.